ಹಣ್ಣಿನ ಬುಟ್ಟಿಯ ಕೆಳಗೆ

ಆ ಮೇಜನ್ನು ಸುಟ್ಟವಳು ನಾನು. ನೀಲಮ್ಮನವರಲ್ಲ — ನಾನು.

ಇಷ್ಟು ಬರೆಯಲು ನನಗೆ ಮೂರು ವರ್ಷ ಹಿಡಿಯಿತು. ಬರೆದವಳೇ ಎದ್ದು ಹೋಗಿ ದೇವರ ದೀಪಕ್ಕೆ ಎಣ್ಣೆ ಹಾಕಿ ಬಂದೆ. ದೀಪದಲ್ಲಿ ಎಣ್ಣೆ ಇತ್ತು. ಕೂತಲ್ಲಿ ಕೂತಿರಲು ಆಗಲಿಲ್ಲ, ಅಷ್ಟೆ.

ನಾನು ಸಣ್ಣಪುಟ್ಟದ್ದಕ್ಕೆಲ್ಲ ದೇವರಿಗೆ ಕೈಮುಗಿಯುವ ಹೆಂಗಸು. ಸಿಡ್ನಿಯಲ್ಲಿ ನಾವಿರುವ ಟೂಂಗಾಬಿಯ ಅಂಗಡಿಯಲ್ಲಿ ಕೊನೆಯ ಕಟ್ಟು ಕರಿಬೇವು ನನಗೇ ಸಿಕ್ಕರೆ ಅದು ಅವನ ಕೃಪೆ. ಮಳೆ ಹನಿಯುವ ಮೊದಲೇ ಬಟ್ಟೆ ಒಣಗಿದರೆ ಕೃಪೆ. ನಾರ್ವೆಸ್ಟಿನ ಆಫೀಸಿನಿಂದ ನಮ್ಮ ಯಜಮಾನರು ಬೆಳಕಿರುವಾಗಲೇ ಮನೆಗೆ ಬಂದರೆ ಅದೂ ಕೃಪೆಯೇ. ಈ ಸಾಲಿಗೆ ಒಂದು ದಿನ ಸೇರಿಸಬಾರದ್ದೊಂದನ್ನು ಸೇರಿಸಿಕೊಂಡೆ. ಹೇಳಬೇಕಾಗಿರುವುದು ಅದನ್ನೇ.

ವೀಣಾ ನನ್ನ ಚಿಕ್ಕಮ್ಮನ ಮಗಳು. ಧಾರವಾಡದ ಮನೆಗೆ ಸೊಸೆಯಾಗಿ ಹೋದವಳು, ಈಗ ಮೆಲ್ಬರ್ನಿನ ಕ್ರೇಗಿಬರ್ನ್‌ನಲ್ಲಿದ್ದಾಳೆ — ಗಂಡ ಪ್ರಕಾಶ, ಪುಟ್ಟ ಮಗಳು, ಅತ್ತೆ ನೀಲಮ್ಮನವರು. ಆ ವರ್ಷ ಶಾಲೆಯ ರಜೆಯಲ್ಲಿ ನಾವು ಸಿಡ್ನಿಯಿಂದ ಕಾರು ಬಿಟ್ಟುಕೊಂಡು ಹೋದೆವು. ಅವರೂ ನಾವೂ ಸೇರಿ ಕಡಲ ದಂಡೆಯ ಒಂದು ಮನೆಯನ್ನು ಕೆಲವು ದಿನಕ್ಕೆ ಬಾಡಿಗೆ ಹಿಡಿದೆವು. ಬುಕ್ ಮಾಡಿದವಳು ವೀಣಾ.

ಫ್ರಿಜ್ಜಿನ ಮೇಲೆ ಮನೆಯೊಡೆಯರ ಸೂಚನೆಗಳಿದ್ದವು. ಪ್ರಕಾಶ ಗಟ್ಟಿಯಾಗಿ ಓದಿದ. ಮೇಣದಬತ್ತಿ, ಊದುಬತ್ತಿ, ಬೆಂಕಿ ಏನೂ ಹಚ್ಚುವಂತಿಲ್ಲ ಎಂಬ ಸಾಲಿಗೆ ಬಂದಾಗ ನನ್ನ ಕಡೆ ತಿರುಗಿ ನಕ್ಕ.

"ಅಕ್ಕಾರ, ನಿಮ್ಮ ಕರ್ಪೂರ ಬ್ಯಾಗಿನಾಗ ಇರ್ಲಿ. ಇಲ್ಲಿ ಅಲಾರಮ್ ಹೊಡಕೊಂಡ್ರ ದೇವ್ರಕಿಂತ ಮೊದ್ಲ ಫೈರ್ ಎಂಜಿನ್ ಬರ್ತದ!"

"ಆಯ್ತಪ್ಪ, ಹಚ್ಚಲ್ಲ" ಎಂದೆ. ಮಾತು ಕೊಟ್ಟೆ.

ಹೊರಡುವ ಹಿಂದಿನ ದಿನ ಶುಕ್ರವಾರ. ನಮ್ಮ ಮನೆಯಲ್ಲಿ ಶುಕ್ರವಾರದ ಆರತಿ ತಪ್ಪಿದ್ದಿಲ್ಲ. ಜ್ವರ ಬಂದು ಮಲಗಿದಾಗಲೂ ಮಗಳ ಕೈಲಿ ಮಾಡಿಸಿದ್ದೇನೆ. ಭಕ್ತಿ ಎಂದುಕೊಂಡಿದ್ದೆ — ಈಗ ನೋಡಿದರೆ ಅದರಲ್ಲಿ ಅರ್ಧ ಹಟ. ದೇವರ ಆರತಿಗೂ ಮೇಣದಬತ್ತಿಗೂ ಎಲ್ಲಿಯ ಹೋಲಿಕೆ ಎಂದು ನನಗೆ ನಾನೇ ಹೇಳಿಕೊಂಡು, ಎಲ್ಲರೂ ಏಳುವ ಮೊದಲು ಸ್ನಾನ ಮುಗಿಸಿ, ಅಡುಗೆಮನೆಯ ದೊಡ್ಡ ಮರದ ಮೇಜಿನ ಮೇಲೆ ಅಮ್ಮನವರ ಪುಟ್ಟ ಪಟ ಇಟ್ಟು, ಹಿತ್ತಾಳೆ ತಟ್ಟೆಯಲ್ಲಿ ಕರ್ಪೂರ ಹಚ್ಚಿದೆ. ಕಣ್ಣೆತ್ತಿದರೆ ಮೇಲೆ ಚಾವಣಿಯಲ್ಲಿ ಅಲಾರಮ್ಮಿನ ಕೆಂಪು ಚುಕ್ಕೆ ಮಿನುಗುತ್ತಿದೆ. ಹೊಗೆ ನೆಟ್ಟಗೆ ಅದರತ್ತಲೇ ಹೋಗುತ್ತಿದೆ. ಅವಸರದಲ್ಲಿ ತಟ್ಟೆಯನ್ನು ಮೇಜಿನ ಮೇಲೆ ಹಾಗೇ ಇಟ್ಟು, ಹಿಂಬಾಗಿಲು ತೆರೆದು ವೇಲಿನಿಂದ ಹೊಗೆ ಬೀಸಿದೆ. ಅಲಾರಮ್ ಹೊಡೆಯಲಿಲ್ಲ. ಕೃಪೆ!

ಬಂದು ತಟ್ಟೆ ಎತ್ತಿದೆ. ಮೇಜಿನ ಮೇಲೆ ದುಂಡಗೆ, ಕಪ್ಪಗೆ — ಚಹಾ ಪಾತ್ರೆಯ ತಳದಷ್ಟು ಅಗಲಕ್ಕೆ — ಸುಟ್ಟ ಗುರುತು.

ನಿಂಬೆಹಣ್ಣು ಹಚ್ಚಿ ತಿಕ್ಕಿದೆ. ಎಣ್ಣೆ ಸವರಿದೆ. ಹೋಗುವ ಕಲೆಯಲ್ಲ ಅದು. ಮೇಜಿನ ನಡುವೆ ಬೆತ್ತದ ಬುಟ್ಟಿಯಲ್ಲಿ ಕಿತ್ತಳೆ ತುಂಬಿಟ್ಟಿದ್ದೆವು. ಅದನ್ನು ಎಳೆದು ಕಲೆಯ ಮೇಲಿಟ್ಟೆ. ಅಳತೆ ತೆಗೆದು ಮಾಡಿಸಿದ ಹಾಗೆ ಮುಚ್ಚಿಕೊಂಡಿತು. ಆಗ ನಾನು ಏನು ಮಾಡಿದೆ ಗೊತ್ತೆ — ಕಣ್ಣುಮುಚ್ಚಿ, ಕೈಜೋಡಿಸಿ, "ಕಾಪಾಡಿದೆ ತಾಯೀ" ಎಂದೆ.

ಆ ದಿನವೆಲ್ಲ ಮಕ್ಕಳು ಓಡಿಬಂದು ಕಿತ್ತಳೆಗೆ ಕೈಹಾಕಿದಾಗಲೆಲ್ಲ ನಾನೇ ಮುಂದೆ ಹೋಗಿ ಒಂದೊಂದು ಹಣ್ಣು ಎತ್ತಿ ಕೊಡುತ್ತಿದ್ದೆ.

ಮರುದಿನ ಹೊರಡುವ ಗಡಿಬಿಡಿ. ಹಾಸಿಗೆಯ ಹೊದಿಕೆ ತೆಗೆಯಬೇಕು, ಪಾತ್ರೆ ತೊಳೆದಿಡಬೇಕು, ಕಸದ ಬಿನ್ ರಸ್ತೆಗೆ ತಳ್ಳಬೇಕು ಎಂದು ಅದೇ ಫ್ರಿಜ್ಜಿನ ಮೇಲೆ ಬರೆದಿತ್ತು. ನಮ್ಮ ಯಜಮಾನರಿಗೆ ರೇಗಿತು.

"ಬಾಡಿಗೆ ಮೇಲೆ ಕ್ಲೀನಿಂಗ್ ಫೀಸ್ ಬೇರೆ ತಗೊಂಡಿದಾರೆ. ಇನ್ನು ಪಾತ್ರೆನೂ ನಾವೇ, ಕಸಾನೂ ನಾವೇ ಅಂದ್ರೆ?"

"ಹೌದ್ರಿ ಭಾವಾ, ಬೀಗರ ಮನಿಗೆ ಹೋಗಿ ಬಚ್ಚಲಾ ತಿಕ್ಕಿದಂಗಾತು" ಎಂದ ಪ್ರಕಾಶ.

"ನಿಮಗೇನ್ರೀ, ಕೆಟ್ಟ ರಿವ್ಯೂ ಬೀಳೋದು ನನ್ನ ಹೆಸರಿಗೆ" ಎಂದು ವೀಣಾ ಮುಖ ಊದಿಸಿದಳು.

ನಾನು ನಡುವೆ ಬಂದೆ. "ನೀವೆಲ್ಲ ಮಕ್ಕಳನ್ನ ಕರ್ಕೊಂಡು ಇನ್ನೊಂದ್ಸಲ ನೀರಿಗೆ ಹೋಗಿಬನ್ನಿ. ಉಂಡ ಮನೆ, ಮಲಗಿದ ಮನೆ, ಹಾಗೇ ಬಿಟ್ಟು ಹೋಗಬಾರದು. ನಾನು ಮಾಡ್ತೀನಿ."

ಮಾತಿನಲ್ಲಿ ತಪ್ಪಿರಲಿಲ್ಲ. ನನ್ನ ಅವ್ವ ಹೇಳುತ್ತಿದ್ದ ಮಾತೇ ಅದು. ಆದರೆ ನನಗೆ ಬೇಕಾಗಿದ್ದದ್ದು ಬೇರೆ — ಆ ಮೇಜನ್ನು ಇನ್ನೊಬ್ಬರು ಒರೆಸಬಾರದು.

ಎಲ್ಲರೂ ಹೋದರು, ನೀಲಮ್ಮನವರು ಹೋಗಲಿಲ್ಲ. "ಎಲ್ಲಾ ನೀ ಒಬ್ಬಾಕೀನ ಮಾಡ್ತೀಯೇನವಾ? ಕೊಡಿಲ್ಲೆ, ಟಾವೆಲ್ ನಾ ಮಡಚತೀನಿ" ಎಂದು ಕೂತರು. ಆಮೇಲೆ, "ದಣದೀದಿ, ಒಂದ್ ಗುಟುಕು ಚಹಾ ಕುಡಿ" ಎಂದು ತಾವೇ ಎದ್ದು ಮಾಡಿದರು. ಒಲೆಯಿಂದ ಪಾತ್ರೆ ಇಳಿಸಿ, ಕೈಯಲ್ಲಿ ಹಿಡಿದೇ ನಿಂತು, "ಒಂದ್ ಅರಬಿ ಕೊಡು ಮಗಳ, ಕಟ್ಟಿಗಿ ಮ್ಯಾಲೆ ಬಿಸೇದು ಹೆಂಗ ಇಡೂದು" ಎಂದರು. ಮಡಿಸಿದ ಬಟ್ಟೆಯನ್ನು ಮೇಜಿನ ಮೇಲೆ ಹಾಸಿದವಳು ನಾನೇ. ಅದರ ಮೇಲೆ ಪಾತ್ರೆ ಇಟ್ಟರು. ಒಂದು ಗೇಣು ಆಚೆಗೆ ಬುಟ್ಟಿ ಇತ್ತು. ಅದರ ಕೆಳಗೆ ನನ್ನ ಕಲೆ ಇತ್ತು. ನಾನು ಚಹಾ ಕುಡಿದೆ. ಚೆನ್ನಾಗಿತ್ತು, ಶುಂಠಿ ಹಾಕಿದ್ದರು.

ಅವರೆಲ್ಲ ತಿರುಗಿ ಬರುವಷ್ಟರಲ್ಲಿ ಮನೆ ಕನ್ನಡಿಯಂತಾಗಿತ್ತು. ಹೊಗಳಿದ್ದೇ ಹೊಗಳಿದ್ದು. ಬುಟ್ಟಿಯಲ್ಲಿ ಮಿಕ್ಕ ಕಿತ್ತಳೆಗಳನ್ನು ಅಂದವಾಗಿ ಜೋಡಿಸಿ ಹಾಗೇ ಬಿಟ್ಟು ಬಂದೆ. ಬರುವವರಿಗಿರಲಿ ಅಂತ, ಎಂದು ವೀಣಾಗೆ ಹೇಳಿದೆ. "ನಿನ್ನಷ್ಟು ಒಳ್ಳೇತನ ನಮಗೆಲ್ಲಿ ಬರಬೇಕು ಅಕ್ಕ" ಎಂದಳು.

ಸಿಡ್ನಿಗೆ ಬಂದ ಮೇಲೆ ಅವಳ ಫೋನು. ಮನೆಯೊಡೆಯರು ಮೇಜಿನ ಫೋಟೋ ಕಳಿಸಿದ್ದರಂತೆ. ದುಡ್ಡಿನ ಮಾತು ಬಿಡಿ, ಅದನ್ನು ಪ್ರಕಾಶ ಕೊಟ್ಟು ಮುಗಿಸಿದ್ದ. ಅವಳು ಹೇಳಿದ್ದು ಬೇರೆ. "ಗುರುತು ನೋಡಿದ್ರೆ ಚಹಾ ಪಾತ್ರೆದೇ ಅಕ್ಕ. ಅತ್ತೆನೇ ಬಿಸಿಬಿಸಿ ಇಟ್ಬಿಟ್ಟಿದಾರೆ. ಕೇಳಿದ್ರೆ ನೆನಪಿಲ್ಲ ಅಂತಾರೆ. ಆಮೇಲೆ ತಾವೇ ಬುಟ್ಟಿ ಮುಚ್ಚಿಟ್ಟು ಮರೆತಿದಾರೆ ಅನ್ಸುತ್ತೆ. ಮರೆವು ಶುರುವಾಗಿದೆಯೇನೋ ಅಂತ ಭಯ ಆಗ್ತಿದೆ."

ಆಗ ಹೇಳಬಹುದಿತ್ತು. ಫೋನಿನಲ್ಲಿ, ಮುಖ ಕಾಣದಂತೆ, ಎರಡೇ ಮಾತಿನಲ್ಲಿ — ನಾನು ಕಣೇ, ಕರ್ಪೂರದ ತಟ್ಟೆ — ಬೈಯುತ್ತಿದ್ದಳು, ನಗುತ್ತಿದ್ದಳು, ಮುಗಿಯುತ್ತಿತ್ತು. ನನ್ನ ಬಾಯಿಂದ ಬಂದದ್ದು ಇದು:

"ವಯಸ್ಸಾದೋರು ಅಲ್ವಾ, ಬಿಡು ವೀಣಾ. ಪಾಪ, ಏನೂ ಅನ್ನಬೇಡ ಅವರಿಗೆ."

ನಾನು ಅವರ ಮೇಲೆ ತಪ್ಪು ಹೊರಿಸಲಿಲ್ಲ ನೋಡಿ. ಕನಿಕರ ತೋರಿಸಿದೆ. ಸುಳ್ಳನ್ನು ಸುಳ್ಳಿನ ಹಾಗೆ ಹೇಳಿದ್ದರೆ ನನಗೇ ಅಸಹ್ಯವಾಗುತ್ತಿತ್ತೇನೋ. ಮರುಕದಂತೆ ಹೇಳಿದ್ದರಿಂದ ಆ ರಾತ್ರಿ ನಿದ್ದೆಯೂ ಬಂತು.

ಮುಂದಿನ ವರ್ಷ ಅವರ ಮನೆಗೆ ಹೋದಾಗ ನೀಲಮ್ಮನವರು ನಡುಮನೆಯ ಸೋಫಾದ ತುದಿಯಲ್ಲಿ ಕೈಕಟ್ಟಿ ಕೂತಿದ್ದರು, ಬಸ್ಸಿಗೆ ಕಾಯುವವರ ಹಾಗೆ. ನಲವತ್ತು ವರ್ಷ ರೊಟ್ಟಿ ಬಡಿದ ಕೈ. ನೀರು ಕುಡಿಯಲು ಅಡುಗೆಮನೆಗೆ ಹೊರಟರೆ ಮೊಮ್ಮಗಳು ಹಿಂದೆಯೇ ಓಡಿದಳು: "ಅಜ್ಜೀ, ಡೋಂಟ್ ಟಚ್ ದ ಸ್ಟವ್!" ಮಗುವಿನ ದನಿಯಲ್ಲಿ ಸಿಟ್ಟಿರಲಿಲ್ಲ. ಮನೆಯಲ್ಲಿ ದಿನಾ ಕೇಳಿದ್ದನ್ನು ಹೇಳಿತು, ಅಷ್ಟೆ. "ಇಲ್ಲವಾ, ಮುಟ್ಟೂದಿಲ್ಲ" ಎಂದು ಅಜ್ಜಿ ಎರಡೂ ಕೈ ಮೇಲೆತ್ತಿ ತೋರಿಸಿದರು.

ಸಂಜೆ ನಾನೊಬ್ಬಳೇ ಇದ್ದಾಗ ಹತ್ತಿರ ಸರಿದು ಕೂತು, ದನಿ ತಗ್ಗಿಸಿ ಕೇಳಿದರು. "ಆ ದಿವಸ ನೀ ಇದ್ದೆಲ್ಲಾ ಮಗಳ. ಖರೇ ಹೇಳು, ನಾ ಬಿಸಿ ಪಾತ್ರಿ ಹಂಗ ಇಟ್ಟಿದ್ನೇನು? ನನಗ ಅರಬಿ ಇಸ್ಕೊಂಡಂಗ ನೆನಪೈತಿ. ಆದ್ರ ನನ್ನ ನೆನಪಿನ ಮ್ಯಾಲೆ ನನಗಽ ನಂಬಿಕಿ ಇಲ್ಲ ಈಗ."

ಅವರ ಪರವಾಗಿ ಲೋಕದಲ್ಲಿದ್ದದ್ದು ಒಂದೇ ಸಾಕ್ಷಿ — ನಾನು. ಬಟ್ಟೆ ಹಾಸಿದ ಕೈ ನನ್ನ ಮಡಿಲಲ್ಲೇ ಇತ್ತು.

"ನಾನು ಸರಿಯಾಗಿ ನೋಡಲಿಲ್ಲ ಅಮ್ಮ" ಎಂದೆ.

"ಹಂಗಾರ ನಾನಽ ಇಟ್ಟಿರಬೇಕು ಬಿಡು" ಎಂದು ಅವರೇ ನನ್ನ ಬೆನ್ನು ಸವರಿದರು.

ಮೇಜು ಸುಟ್ಟದ್ದು ಅವಸರದ ತಪ್ಪು. ಇದು ಅಲ್ಲ. ಇದನ್ನು ನಾನು ತಿಳಿದೂ ತಿಳಿದೂ, ಅವರ ಕಣ್ಣು ನೋಡುತ್ತಾ ಮಾಡಿದೆ.

ಈಚೆಗೆ ನಮ್ಮ ಟೂಂಗಾಬಿಯ ಮನೆಯಲ್ಲಿ ಭಜನೆ ಮುಗಿದು ಪ್ರಸಾದ ತಿನ್ನುತ್ತಿರುವಾಗ ಹೆಂಗಸರಲ್ಲಿ ಇದೇ ಚರ್ಚೆ ಎದ್ದಿತು. ಬಾಡಿಗೆ ಮನೆ ಬಿಡುವಾಗ ನಾವು ಕ್ಲೀನ್ ಮಾಡಬೇಕೋ ಬೇಡವೋ ಎಂದು. "ಹಾಲಿಡೇ ನನಗೋ, ಓನರ್‌ಗೋ? ಬೆಡ್‌ಶೀಟ್ ಕಿತ್ತು ಕೊಡೋಕೆ ನಾನ್ಯಾಕೆ ಅಷ್ಟು ದೂರ ಹೋಗ್ಬೇಕು?" ಎಂದಳು ಹೊಸದಾಗಿ ಮದುವೆಯಾಗಿ ಬಂದ ಹುಡುಗಿ. "ಕ್ಲೀನಿಂಗಿಗೆ ಬರೋಳೂ ಒಬ್ಬ ಹೆಣ್ಮಗಳೇ ಅಲ್ವೇನೇ? ಅವಳ ಸೊಂಟಾನೂ ಸೊಂಟಾನೇ" ಎಂದರು ಇನ್ನೊಬ್ಬರು. "ಫೀಸ್ ತಗೊಂಡಿರೋ ಸೊಂಟ ಆಂಟಿ ಅದು!" ಎಲ್ಲರೂ ನಕ್ಕರು. ನಗು ನಿಂತ ಮೇಲೆ ಯಾರೋ ಅಂದರು: "ಸರೋಜಾ ಆಂಟಿನ ಕೇಳಿ. ಮೆಲ್ಬರ್ನ್ ಕಡೆ ಹೋದಾಗ ಎಲ್ಲರನ್ನೂ ಬೀಚಿಗೆ ಕಳಿಸಿ ಒಬ್ಬರೇ ಇಡೀ ಮನೆ ತೊಳೆದಿಟ್ಟು ಬಂದಿದಾರೆ."

ಎಲ್ಲರೂ ನನ್ನತ್ತ ತಿರುಗಿದರು. ಕೈಯಲ್ಲಿ ಕೋಸಂಬರಿ ಇತ್ತು. ಅದನ್ನು ಕೆಳಗಿಟ್ಟೆ.

ಎದ್ದು ಒಳಗೆ ಹೋದೆ. ಆ ಹುಡುಗಿಗೆ ಇಲ್ಲಿ ಹೇಳುತ್ತೇನೆ. ನೀನು ಹೊದಿಕೆ ತೆಗೆದಿಡು, ಬಿಡು — ಅದು ನಿನಗೂ ಅವರಿಗೂ ಆದ ಒಪ್ಪಂದ. ನನ್ನ ಕೇಳಿದರೆ ತೆಗೆದಿಡುವುದೇ ಚೆಂದ, ಹಿಂದೆ ಬರುವವಳ ಬೆನ್ನಿಗೆ ಒಂದಿಷ್ಟು ಹಗುರ. ಆದರೆ ನಿನ್ನ ಕೈಯಿಂದ ಏನಾದರೂ ಕೆಟ್ಟಿದ್ದರೆ ಅದನ್ನು ಮೊದಲು ಹೇಳಿಬಿಡು ಮಗು. ಅದೊಂದನ್ನು ಬಿಟ್ಟು ನಾನು ಮಿಕ್ಕಿದ್ದೆಲ್ಲ ತೊಳೆದೆ.

ಯಜಮಾನರಿಗೆ ಅಂದೇ ಹೇಳಿದೆ. ಅವರು ಮೆಲ್ಬರ್ನಿಗೆ ಟಿಕೆಟ್ ಬುಕ್ ಮಾಡಿಕೊಟ್ಟರು.

ವೀಣಾಗೆ ಅವಳ ಅಡುಗೆಮನೆಯಲ್ಲೇ ಹೇಳಿದೆ. ಅವಳು ಮೇಜಿನ ಸುದ್ದಿಯನ್ನೇ ಎತ್ತಲಿಲ್ಲ. "ಈ ಮೂರು ವರ್ಷದಲ್ಲಿ ನಾನು ಅವರಿಗೆ ಏನೇನಂದಿದೀನಿ ಅಂತ ನಿನಗೆ ಗೊತ್ತಾ ಅಕ್ಕ?" ಎಂದಳು. ಗೊತ್ತಿರಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಇದನ್ನು ಬರೆಯುತ್ತೇನೆ ಎಂದಾಗ ಬೇಡವೆನ್ನಲಿಲ್ಲ, ಬರಿ ಎಂದೂ ಅನ್ನಲಿಲ್ಲ. ನನ್ನೊಡನೆ ಈಗ ಮಾತು ಕಡಿಮೆ.

ನೀಲಮ್ಮನವರು ಪೂರ್ತಿ ಕೇಳಿದರು. ಕರ್ಪೂರ, ಅಲಾರಮ್ಮು, ಬುಟ್ಟಿ, ಅರಬಿ — ಎಲ್ಲ. ಕಾಲು ಮುಟ್ಟಲು ಹೋದೆ, ಕಾಲು ಹಿಂದಕ್ಕೆಳೆದುಕೊಂಡರು. ಸಿಟ್ಟಿಗೋ ಸಂಕೋಚಕ್ಕೋ ತಿಳಿಯಲಿಲ್ಲ.

"ಹಂಗಾರ ನಾ ಇಟ್ಟಿದ್ದಿಲ್ಲ" ಎಂದರು. ಆಮೇಲೆ ಇನ್ನೊಮ್ಮೆ, ತಮಗೆ ತಾವೇ, "ಅರಬಿ ಇಸ್ಕೊಂಡಿದ್ದೆ."

ಸ್ವಲ್ಪ ಹೊತ್ತಾದ ಮೇಲೆ ಎದ್ದರು. ಅಡುಗೆಮನೆಗೆ ಹೋಗಿ ಚಹಾ ಪಾತ್ರೆ ಹುಡುಕಿದರು. ಅದು ಮೇಲಿನ ಕಪಾಟಿನಲ್ಲಿತ್ತು, ಅವರಿಗೆ ನಿಲುಕದ ಎತ್ತರದಲ್ಲಿ. ನಾನು ತೆಗೆದುಕೊಟ್ಟೆ. ಒಲೆಯನ್ನು ಅವರೇ ಹಚ್ಚಿದರು. ಶುಂಠಿ ಜಜ್ಜಿದರು, ಸೋಸಿದರು, ಎರಡು ಕಪ್ಪಿನಲ್ಲಿ ತಂದು ಎದುರು ಕೂತರು. ಸರಿಹೋಯಿತು ಎಂದುಕೊಂಡೆ. ಅದನ್ನೂ ಕೃಪೆಯ ಸಾಲಿಗೆ ಸೇರಿಸಲು ಹೊರಟಿದ್ದೆ.

ಒಂದು ಗುಟುಕು ಕುಡಿದು ಅವರು ಕಪ್ಪು ಕೆಳಗಿಟ್ಟರು. "ಒಲಿ ಬಂದ್ ಮಾಡೇನಿಲ್ಲೋ?"

ಅವರಿಗೆ ವಯಸ್ಸಾಗಿದೆ, ಮರೆವು ತಾನಾಗಿಯೇ ಬರುತ್ತಿತ್ತೇನೋ. ಇರಬಹುದು. ಆದರೆ ತಮ್ಮ ಕೈಯನ್ನು ತಾವೇ ನಂಬದಿರುವುದನ್ನು ಅವರಿಗೆ ಕಲಿಸಿದವಳು ನಾನು.

ಒಲೆ ಆರಿದ್ದನ್ನು ನಾನು ಆಗಲೇ ನೋಡಿದ್ದೆ, ಕೂತಲ್ಲಿಂದಲೇ ಹೇಳಬಹುದಿತ್ತು. ಎದ್ದು ಹೋಗಿ, ಒಲೆಯ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿ ಬಂದು ಹೇಳಿದೆ: "ಮಾಡಿದೀರ ಅಮ್ಮ. ನಾನು ನೋಡಿದೆ."

ಕಪ್ಪು ಖಾಲಿಯಾಗುವ ಮೊದಲು ಮತ್ತೆ ಕೇಳಿದರು. ನಾನು ಮತ್ತೆ ಎದ್ದೆ.