ಬರೀ ನೆಗಡಿ ಎಂದರೆ ನಂಬದವನು
ಬೀದಿಯ ತಿರುವಿನ ಔಷಧಿ ಅಂಗಡಿಯಾತ ಹೆತ್ತ ತಾಯಿ ಕೆಮ್ಮಿದರೂ ಸಾಕ್ಷಿ ಕೇಳುವ ಆಸಾಮಿ. ವೈದ್ಯರ ಚೀಟಿಯನ್ನು ಬೆಳಕಿಗೆ ಹಿಡಿದು, ತಾರೀಖು ತಿದ್ದಿದ್ದಾರೆಯೇ ಎಂದು ನೋಡುತ್ತಾನೆ. "ಅಣ್ಣಾ, ನೆಗಡಿ, ಹೋದ್ಸಲದ ಆ ಜೋರು ಮಾತ್ರೆ ಕೊಡು" ಎಂದರೆ ಮುಗಿಯಿತು. "ನೆಗಡಿ ವೈರಸ್ಸಿಂದು, ಆ ಮಾತ್ರೆಗೆಲ್ಲ ಜಗ್ಗಲ್ಲ. ಬಿಸಿನೀರು ಕುಡಿದು ಮಲಕ್ಕೋ, ವಾರದಲ್ಲಿ ತಾನೇ ಹೋಗತ್ತೆ. ನಿಜ ಹೇಳು, ಯಾರಿಗೆ ಕೂಡಿಡೋಕೆ ಕೇಳ್ತಿದೀಯಾ?" ಮಾತ್ರೆಗಳೇನು ಇವನ ಅಜ್ಜನ ಆಸ್ತಿಯೇ ಎಂದು ಬೀದಿಯೆಲ್ಲ ಗೊಣಗುತ್ತದೆ. ಮೊನ್ನೆ ನೆರೆಮನೆಯ ಸೊಸೆ ಕೂಸನ್ನೆತ್ತಿಕೊಂಡು ಬಂದು, "ಬರೀ ನೆಗಡಿ ಮಾವ, ಮೂಗಿನ ಹನಿ ಸಾಕು" ಎಂದಳು. ಅದನ್ನೂ ನಂಬದೆ ಕೂಸಿನ ಅಂಗಿಯೆತ್ತಿ ನೋಡಿದ. ಉಸಿರುಸಿರಿಗೂ ಪಕ್ಕೆ ಒಳಕ್ಕೆ ಸೆಳೆಯುತ್ತಿತ್ತು. ಗಿರಾಕಿಗಳು ನಿಂತಿದ್ದಂತೆಯೇ ಅಂಗಡಿ ಬಾಗಿಲೆಳೆದು, ಕೂಸನ್ನು ಎದೆಗವಚಿಕೊಂಡು ಆಸ್ಪತ್ರೆಗೆ ಓಡಿದ. ಕೂಸೀಗ ಹುಷಾರಾಗಿದೆ, ಅದು ಕೇಕೆ ಹಾಕಿ ನಕ್ಕರೂ ಆತ ಮಾತ್ರ ಗಡಿಯಾರ ನೋಡುತ್ತ ಅದರ ಉಸಿರೆಣಿಸುತ್ತಾನೆ.