ಮೊಣಕಾಲಿಗೆ ಕೆನಡಾದ ಜೆಲ್ಲಿ

ನನಗೆ ನನ್ನ ನೆಗೆಣ್ಣಿಯನ್ನು ಕಂಡರೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನು, ಇಡೀ ಬಳಗಕ್ಕೇ ಗೊತ್ತು. ಮೈದುನನ ಹೆಂಡತಿ ಅವಳು. ಲಂಡನ್ನಿನ ಸ್ಟ್ಯಾನ್ಮೋರಿನಲ್ಲಿ ದೊಡ್ಡ ಮನೆ, ರಜೆ ಬಂತೆಂದರೆ ವಿಮಾನ. ನಾನು ಅದೇ ಊರಿನ ಇನ್ನೊಂದು ಮೂಲೆ ಇಲ್ಫರ್ಡಿನ ಸಾಲುಮನೆಯಲ್ಲಿ, ಧಾರವಾಡದಿಂದ ಬಂದಿದ್ದ ಅತ್ತೆಯ ಜೊತೆ. ಅವರು ಬಂದಾಗಿನಿಂದ ದಿನಾ ಸಂಜೆ ಅವರ ಮೊಣಕಾಲಿಗೆ ಎಣ್ಣೆ ತಿಕ್ಕಿದವಳು ನಾನು.

ಅವಳು ಕೆನಡಾ ಸುತ್ತಿ ಬಂದವಳೇ ಅತ್ತೆಯ ಕೈಗೆ ಜೆಲ್ಲಿ ಮಿಠಾಯಿಯ ಪೊಟ್ಟಣವೊಂದನ್ನು ಇಟ್ಟಳು. "ಅತ್ಯಾರ, ಮಲಗೂ ಮುಂದ ಅರ್ಧಾ ತಿನ್ನರಿ, ಮೊಣಕಾಲ ನೋವು ಮಾಯ." ಅತ್ತೆಯ ಮುಖ ಅರಳಿತು. ಬಂದವರಿಗೆಲ್ಲ ತೋರಿಸಿದರು: "ಅಷ್ಟ ದೂರ ಹೋದ್ರೂ ಸಣ್ಣಾಕಿ ನನ್ನ ಮೊಣಕಾಲ ಮರೀಲಿಲ್ಲ ನೋಡ್ರಿ." ನನ್ನ ಕೈಯ ಎಣ್ಣೆ ಇನ್ನೂ ಆರಿರಲಿಲ್ಲ. ಮೈಯೆಲ್ಲ ಉರಿದುಹೋಯಿತು.

ಆ ಉರಿಯಲ್ಲೇ ಪೊಟ್ಟಣವನ್ನು ತಿರುಗಿಸಿ ನೋಡಿದೆ, ಏನಾದರೂ ಹುಳುಕು ಸಿಕ್ಕೀತೆಂದು. ಸಿಕ್ಕಿತು. ಕೆಂಪು ಗುರುತಿನೊಳಗೆ ಗಾಂಜಾ ಎಲೆ.

ಹೇಗೆ ಹೇಳಲೆಂದು ಯೋಚಿಸುವಷ್ಟರಲ್ಲಿ ಅತ್ತೆ ಊರಿಗೆ ಹೊರಟು ನಿಂತಿದ್ದರು, ದುಬೈ ಮಾರ್ಗವಾಗಿ. ಒಂದೂ ಜೆಲ್ಲಿ ತಿಂದಿರಲಿಲ್ಲ. ಪರದೇಶದಿಂದ ಹೋದವರು ಓಣಿಗೆಲ್ಲ ಏನಾದರೂ ಹಂಚಬೇಕಲ್ಲ! ಮೊಣಕಾಲು ನೋವಿದ್ದ ಗೆಳತಿಯರಿಗೆಂದು ಪೊಟ್ಟಣ ಬ್ಯಾಗು ಸೇರಿತ್ತು. ಬ್ಯಾಗಿನ ಕೀಲಿಕೈ ಅವರ ಕೊರಳ ಸರದಲ್ಲಿ.

ಹೇಳಿದೆ. "ಸಣ್ಣಾಕಿ ನನಗ ಗಾಂಜಾ ತಿನಸ್ತಾಳೇನು? ನಿನ್ನ ಹೊಟ್ಟಿಕಿಚ್ಚಿಗೆ ಮಿತಿ ಇಲ್ಲೇನು?" ಎಂದರು. ಗಂಡನಿಂದ ಹೇಳಿಸಿದೆ. "ಹೆಂಡ್ತಿ ಕಲಿಸಿ ಕಳಿಸ್ಯಾಳ" ಎಂದರು.

ಕೊನೆಗೆ ಅವಳಿಗೇ ಫೋನ್ ಮಾಡಿದೆ. ನಕ್ಕಳು. "ಅಕ್ಕಾ, ಅಲ್ಲೆ ಲೀಗಲ್ ಅದ. ಅಂಗಡ್ಯಾಗ ಬಿಲ್ ಸೈತ ಕೊಟ್ಟಾರ." ಬಂಗಾರ ತಂದ ಹಾಗೆ, ಬಿಲ್ ಇದ್ದರೆ ಸಾಕು ಅಂದುಕೊಂಡಿದ್ದಳು! ಅಲ್ಲಿಯ ಲೀಗಲ್ ಅಲ್ಲಿಯ ಗಡಿಗೇ ಮುಗಿಯಿತು, ಅಲ್ಲಿಂದ ಹೊರಗೆ ಒಯ್ಯುವುದೂ ಅಪರಾಧ, ಲಂಡನ್ನಿಗೆ ತರುವುದೂ ಅಪರಾಧ, ದುಬೈಯಲ್ಲಿ ಸಿಕ್ಕಿಬಿದ್ದರೆ ಜೈಲೇ ಆದೀತು ಎಂದೆ. "ಈಗೇನ ಮಾಡೂದಕ್ಕಾ?" ಎಂದಳು.

"ಅತ್ಯಾರಿಗೆ ನೀನ ಹೇಳು," ಎಂದೆ. "ನೀನ ತಿಳಕೊಂಡಿ ಅನ್ನು. ನನ್ನ ಹೆಸರು ಬಂದ್ರ ನಂಬಂಗಿಲ್ಲ." ಈ ಮಾತು ಹೇಳುವಾಗ ನನಗಾದ ಸಂಕಟ ನನಗೇ ಗೊತ್ತು.

ಅದೇ ಸಂಜೆ ಕಾರಿನಲ್ಲಿ ಬಂದಳು. ಅತ್ತೆಯ ಕೈ ಹಿಡಿದುಕೊಂಡು, ನಾನು ಹೇಳಿಕೊಟ್ಟದ್ದನ್ನೆಲ್ಲ ತನ್ನದೇ ಎಂಬಂತೆ ಹೇಳಿದಳು. ಅತ್ತೆ ಕೂಡಲೇ ಬ್ಯಾಗಿನ ಬೀಗ ತೆಗೆದರು. ಜೆಲ್ಲಿಗಳನ್ನು ಟಾಯ್ಲೆಟ್ಟಿಗೆ ಸುರಿದು ನೀರು ಬಿಟ್ಟವಳು ನಾನು.

ಅವಳು ಹೋದ ಮೇಲೆ ಅತ್ತೆ ಕಾಲು ಚಾಚಿದರು. ಎಣ್ಣೆ ಬಿಸಿ ಮಾಡಿ ತಂದು ತಿಕ್ಕತೊಡಗಿದೆ.

"ಸಣ್ಣಾಕಿ ಇದ್ದಳಂತ ಉಳದೆ ನೋಡು," ಎಂದರು ಕಣ್ಣು ಮುಚ್ಚಿಕೊಂಡು. "ಇಲ್ಲಾಂದ್ರ ಆ ಜೈಲಿನ್ಯಾಗ ನನ್ನ ಮೊಣಕಾಲ ಯಾರು ತಿಕ್ಕತಿದ್ರು?"