ಹಿಂದೆ ಕೂತವಳ ಕೆಂಪು ದೀಪ

ಆಳಂದದಿಂದ ಹೊರಟಾಗ ಬೆಳಗಿನ ಒಂಬತ್ತಾಗಿತ್ತು. ಸಂಕ್ರಾಂತಿ ಕಳೆದಿದ್ದರೂ ಚಳಿ ಬಿಟ್ಟಿರಲಿಲ್ಲ. ನನ್ನ ಹೆಂಡತಿ ಶಾಂತಾ ತಲೆಗೆ ಶಾಲು ಸುತ್ತಿಕೊಂಡು ಮೋಟಾರ್ ಸೈಕಲ್ಲಿನ ಹಿಂದೆ ಒಂದು ಮಗ್ಗುಲಾಗಿ ಕೂತಳು. ಅವಳ ಮಡಿಲಲ್ಲಿದ್ದ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಘತ್ತರಗಿಯ ಭಾಗ್ಯವಂತಿ ದೇವಿಗೆ ಉಡಿ ತುಂಬುವ ಸಾಮಾನು ಮತ್ತು ಕೂಸಿನ ತಲೆಗೆ ಕಟ್ಟುವ ಒಂದು ಪುಟ್ಟ ಕುಂಚಿಗೆ ಇದ್ದವು. ಕುಂಚಿಗೆ ಜೇವರ್ಗಿಯಲ್ಲಿರುವ ಅವಳ ತಂಗಿಯ ಮೊಮ್ಮಗಳಿಗೆ. ಮರುದಿನ ಬೆಳಿಗ್ಗೆ ಆ ಕೂಸನ್ನು ತೊಟ್ಟಿಲಿಗೆ ಹಾಕುವವರಿದ್ದರು. ಅಫಜಲಪುರ, ಘತ್ತರಗಿ, ಅಲ್ಲಿಂದ ಭೀಮಾ ನದಿ ದಾಟಿ ಜೇವರ್ಗಿ, ಇದು ನಮ್ಮ ದಾರಿ. ನೂರು ಕಿಲೋಮೀಟರಿನ ಮೇಲಾಗುತ್ತದೆ. ಬಸ್ಸಿನಲ್ಲಾದರೆ ಇಳಿದು ಹತ್ತುವುದರಲ್ಲೇ ದಿನ ಹೋಗುತ್ತದೆಂದು ನಾನೇ ಗಾಡಿಯ ಮಾತೆತ್ತಿದ್ದೆ.

ಗಾಡಿಗೆ ಹೊಸ ಹಿಂದಿನ ಲೈಟು ಹಾಕಿದ್ದೆ. ಹಳೆಯದು ಮಿಣುಕುತ್ತಿತ್ತು. ಹಿಂದೆ ಬರುವ ಲಾರಿಯವನಿಗೆ ತಾನು ಇರುವುದೇ ಗೊತ್ತಾಗುವುದಿಲ್ಲ, ಬಡಿದರೆ ಮೊದಲು ಬಡಿಯುವುದು ತನಗೇ ಎಂದು ಶಾಂತಾ ಬಹಳ ದಿನದಿಂದ ಹೇಳುತ್ತಿದ್ದಳು. ಬಸ್ ನಿಲ್ದಾಣದ ಬಳಿಯ ಅಂಗಡಿಯಲ್ಲಿ ಎಲ್‌ಇಡಿ ಲೈಟು ತಂದೆ. ಅಂಗಡಿಯವನು ಮೆಕ್ಯಾನಿಕ್ ಕೈಯಲ್ಲಿ ಹಾಕಿಸಿರೆಂದ. ಎಸ್ಸೆಸ್ಸೆಲ್ಸಿ ಮುಗಿಸಿದಾಗಿನಿಂದ ಹಿಟ್ಟಿನ ಗಿರಣಿ ನಡೆಸಿದವನು ನಾನು. ಮೂರು ಫೇಸಿನ ಮೋಟಾರು ಕಂಡವನಿಗೆ ಇದೇನು ದೊಡ್ಡದು ಎಂದು ಅಂಗಳದಲ್ಲಿ ಕೂತು ನಾನೇ ವೈರು ಹೊಸೆದು ಟೇಪು ಸುತ್ತಿದೆ. ಬ್ರೇಕು ಒತ್ತಿದರೆ ದಾಸವಾಳ ಅರಳಿದ ಹಾಗೆ ಹೊಳೆಯಿತು. ಓಣಿಯವರು ನಿಂತು ನೋಡಿ ಹೋದರು.

ಆದರೆ ಓಣಿಯಲ್ಲಿ ಒಂದು ಸುತ್ತು ಹೋದಾಗಲೆಲ್ಲ ಫ್ಯೂಜು ಹಾರುತ್ತಿತ್ತು. ಗಿರಣಿಯಲ್ಲಿ ನಮ್ಮ ರೂಢಿಯೇ ಬೇರೆ. ಕರೆಂಟು ಬರುವುದು ಕೆಲವೇ ತಾಸು, ಹೊರಗೆ ಜೋಳದ ಡಬ್ಬಿಗಳ ಸಾಲು. ಫ್ಯೂಜು ಹೋದರೆ ಯಾಕೆ ಹೋಯಿತೆಂದು ಯಾರು ನೋಡುತ್ತಾರೆ, ದಪ್ಪ ತಂತಿ ಹಾಕಿ ಕಲ್ಲು ತಿರುಗಿಸುವುದೇ. ಇಲ್ಲಿಯೂ ಹಾಗೇ ಮಾಡಿದೆ. ಸಿಗರೇಟ್ ಪಾಕೀಟಿನ ಬೆಳ್ಳಿಯ ಕಾಗದವನ್ನು ಫ್ಯೂಜಿಗೆ ಬಿಗಿಯಾಗಿ ಸುತ್ತಿದೆ. ಆಮೇಲೆ ಅದು ಹಾರಲಿಲ್ಲ. ಇದನ್ನು ಶಾಂತಾಗೆ ಹೇಳಲಿಲ್ಲ.

ಆಳಂದ ದಾಟಿದ ಮೇಲೆ ದಾರಿಯ ಚೆಲುವನ್ನು ಎಷ್ಟು ಹೇಳಿದರೂ ಸಾಲದು. ತೊಗರಿ ಕೊಯ್ದ ಹೊಲಗಳಲ್ಲಿ ಮಂಜು ಇನ್ನೂ ಆರಿರಲಿಲ್ಲ. ಎರೆಯ ಭೂಮಿಯಲ್ಲಿ ಬಿಳಿಜೋಳ ಎದೆಯುದ್ದ ನಿಂತು ತೆನೆ ಹಾಲುಗಟ್ಟಿತ್ತು. ಒಂದು ಹೊಲದ ಬದುವಿನಲ್ಲಿ ಕುಳ್ಳಿನ ಕೆಂಡ ಮಾಡಿ ಎಳೆಜೋಳದ ಸೀತನಿ ಸುಡುತ್ತಿದ್ದರು. ಗುರುತು ಪರಿಚಯ ಇಲ್ಲದ ನಮ್ಮನ್ನು ಕೂಗಿ ಕರೆದರು. ಬಿಸಿ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಹಸಿರು ಕಾಳನ್ನು ಶೇಂಗಾ ಹಿಂಡಿಯೊಂದಿಗೆ ಕೊಟ್ಟರು. ಅಂಥ ರುಚಿ ಯಾವ ಹೋಟೆಲಿನಲ್ಲಿದೆ?

ಅಫಜಲಪುರದ ಕಡೆ ಬಂದಂತೆ ಕಬ್ಬು ಶುರುವಾಯಿತು. ಎರಡೆರಡು ಟ್ರಾಲಿ ಎಳೆದುಕೊಂಡು ಟ್ರ್ಯಾಕ್ಟರುಗಳು ತೂಗಾಡುತ್ತ ಫ್ಯಾಕ್ಟರಿಗೆ ಹೊರಟಿದ್ದವು. ಅವುಗಳ ಹಿಂದೆ ನಿಧಾನಕ್ಕೆ ಸಾಗುವಾಗ ಶಾಂತಾ ನನ್ನ ಭುಜ ತಟ್ಟಿದಳು.

"ಏನೋ ಸುಟ್ಟ ವಾಸ್ನಿ ಬರಾಕತ್ತದಲ್ರಿ."

ನನಗೂ ಬಂದಿತ್ತು. ಅದು ರಬ್ಬರಿನ ವಾಸನೆಯೆಂದು ಮೂಗಿಗೆ ಗೊತ್ತಿತ್ತು.

"ಕಬ್ಬಿನ ರವದಿ ಸುಡಾಕತ್ತಾರ ಎಲ್ಲೋ," ಎಂದೆ. ಕಬ್ಬು ಕಡಿದ ಮೇಲೆ ಉಳಿದ ಒಣ ಸೋಗೆಗೆ ಇಲ್ಲಿ ರವದಿ ಎನ್ನುತ್ತಾರೆ. ಅವಳು ಹೂಂ ಎಂದಳು.

ಅಫಜಲಪುರದಲ್ಲಿ ಅವಳನ್ನು ಚಹದಂಗಡಿಯಲ್ಲಿ ಕೂರಿಸಿ, ಗಾಳಿ ಹೊಡೆಸಿಕೊಂಡು ಬರುತ್ತೇನೆಂದು ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಖಾಜಾ ಸೀಟು ಎತ್ತಿದವನೇ ತಲೆ ಚಚ್ಚಿಕೊಂಡ. ವೈರುಗಳು ಒಂದಕ್ಕೊಂದು ಕರಗಿ ಅಂಟಿದ್ದವು. ಬೆಳ್ಳಿ ಕಾಗದವನ್ನು ಚಿಮಟದಲ್ಲಿ ಎತ್ತಿ ನನ್ನ ಮುಂದೆ ಹಿಡಿದ.

"ಕಾಕಾ, ಯಾರ್ರಿ ಈ ಶಾಣ್ಯಾ? ಪೆಟ್ರೋಲ್ ಟಾಕಿ ಬಾಜೂಕ ಒಲಿ ಹಚ್ಚಿಟ್ಟಾನಲ್ರಿ."

ಆಳಂದದ ಒಬ್ಬ ಮೆಕ್ಯಾನಿಕ್ ಎಂದುಬಿಟ್ಟೆ. ಇಲ್ಲದ ಮನುಷ್ಯನ ಮೇಲೆ ಹಾಕಿದ ಆ ಸುಳ್ಳೂ ನನ್ನದೇ. ಖಾಜಾ ಹಿಂದಿನ ವೈರುಗಳನ್ನೆಲ್ಲ ಕತ್ತರಿಸಿ ಬೇರೆ ಮಾಡಿದ, ಸರಿಯಾದ ಫ್ಯೂಜು ಹಾಕಿದ. ಇನ್ನು ಬೆಂಕಿಯ ಭಯವಿಲ್ಲ, ಮುಂದಿನ ಲೈಟು ಹತ್ತುತ್ತದೆ, ಹಿಂದೆ ಮಾತ್ರ ಏನೂ ಹತ್ತುವುದಿಲ್ಲ, ಎರಡು ತಾಸು ಕೂತರೆ ಹೊಸ ವೈರು ಎಳೆದುಕೊಡುತ್ತೇನೆ ಎಂದ. ಎರಡು ತಾಸು ಕೂತರೆ ಶಾಂತಾಗೆ ಕಾರಣ ಹೇಳಬೇಕಾಗುತ್ತಿತ್ತು. ಬೇಡವೆಂದೆ. ಹಾಗಾದರೆ ಹೊತ್ತು ಮುಳುಗುವುದರೊಳಗೆ ಊರು ಸೇರಿ ಎಂದು ಅವನು ಎರಡು ಸಲ ಹೇಳಿದ. ಅವಳಿಗೆ ನಾನು, ಗಾಳಿ ಸರಿ ಇದೆ ನಡಿ ಎಂದೆ.

ಘತ್ತರಗಿಯಲ್ಲಿ ಮಧ್ಯಾಹ್ನದ ಬಿಸಿಲು ಹಿತವಾಗಿತ್ತು. ಭೀಮಾ ತುಂಬಿ ನಿಂತಿದ್ದಳು, ಅಷ್ಟು ಶಾಂತವಾದ ನೀರನ್ನು ನೋಡುತ್ತ ಎಷ್ಟು ಹೊತ್ತಾದರೂ ಕೂರಬಹುದು. ಹೊಳೆಯ ದಂಡೆಯಲ್ಲಿ ಹೆಂಗಸರು ರೊಟ್ಟಿ ಬುತ್ತಿ ಬಿಚ್ಚಿ, ಯಾರ ಬುತ್ತಿ ಯಾರದೆಂದು ಕೇಳದೆ ಹಂಚಿಕೊಂಡು ಉಣ್ಣುತ್ತಿದ್ದರು. ಗುಡಿಯ ಮುಂದಿನ ಪಾಳಿ ಮಾತ್ರ ಬೇಗ ಸರಿಯಲಿಲ್ಲ. ಶಾಂತಾ ಉಡಿ ತುಂಬಿ, ಪ್ರಸಾದದ ತೆಂಗಿನಕಾಯಿ ಮತ್ತು ಕುಪ್ಪಸದ ಕೆಂಪು ಖಣ ಹಿಡಿದು ಹೊರಬಂದಾಗ ಸೂರ್ಯ ಇಳಿದಿದ್ದ. ಅವಳ ಮುಖದಲ್ಲಿ ಹರಕೆ ತೀರಿದ ಕಳೆ ಇತ್ತು. ನಾನು ಬೇಗ ಬೇಗ ಎಂದು ಅವಸರ ಮಾಡಿದೆ.

ಕತ್ತಲಾಗತೊಡಗಿತ್ತು. ಸೇತುವೆ ದಾಟಿ ಸ್ವಲ್ಪ ದೂರ ಹೋಗಿರಬೇಕು, ಎದುರು ಒಂದು ಎಮ್ಮೆ ಅಡ್ಡ ಬಂತು. ಬ್ರೇಕು ಒತ್ತಿದೆ. ಹಿಂದೆ ಟ್ರ್ಯಾಕ್ಟರಿನ ಗಾಲಿ ಕಿರುಗುಟ್ಟಿದ ಸದ್ದು. ತಿರುಗಿ ನೋಡಿದರೆ ಅದರ ಮೂತಿ ಶಾಂತಾಳ ಮೊಳಕೈಯ ಹತ್ತಿರವೇ ಇತ್ತು. ಡ್ರೈವರ್ ಬೈಯಲಿಲ್ಲ, ಬಾಗಿ ನಮ್ಮ ಗಾಡಿಯ ಹಿಂಭಾಗಕ್ಕೆ ಕೈ ತೋರಿಸಿದ.

"ಅಜ್ಜಾರ, ನಿಮ್ಮ ಹಿಂದಿನ ಲೈಟ್ ಹತ್ತವಲ್ದು. ನಿಂತೀರೋ ಹೊಂಟೀರೋ ಹ್ಯಾಂಗ ತಿಳೀಬೇಕ್ರಿ ನನಗ?"

ಅವನು ಹೋದ ಮೇಲೆ ಶಾಂತಾ ಇಳಿದು ಲೈಟಿನ ಮುಂದೆ ನಿಂತಳು. "ಬ್ರೇಕ್ ಒತ್ರಿ," ಎಂದಳು. ಒತ್ತಿದೆ. ಲೈಟು ಹತ್ತಲಿಲ್ಲ. ರಸ್ತೆಯ ಮಗ್ಗುಲಲ್ಲಿ ಗಾಡಿ ನಿಲ್ಲಿಸಿ, ಬೆಳ್ಳಿ ಕಾಗದದಿಂದ ಹಿಡಿದು ಖಾಜಾ ಹೇಳಿದ ಮಾತಿನವರೆಗೆ ಎಲ್ಲವನ್ನೂ ಹೇಳಿದೆ. ಅವಳಿಗೆಂದೇ ತಂದ ಲೈಟು, ಅವಳನ್ನೇ ಕತ್ತಲಲ್ಲಿ ಕೂರಿಸಿತ್ತು.

"ರವದಿ ವಾಸ್ನಿ ನನಗ ಗೊತ್ತಿಲ್ಲಂತ ತಿಳದೀರೇನ್ರಿ?" ಎಂದಳು. "ಹೊಳಿದಂಡಿ ಕಬ್ಬಿನ ಹೊಲದಾಗ ಬೆಳದಾಕಿ ನಾ."

"ಮತ್ತ ಆವಾಗೇ ಯಾಕ ಅನ್ಲಿಲ್ಲ?"

"ನೀವು ಹೇಳ್ತೀರಿ ಅಂತ ಕಾಯ್ದೆ. ಅಫಜಲಪುರದಾಗ ಹೇಳ್ತೀರಿ ಅಂದ್ಕೊಂಡೆ. ಗುಡಿ ಮುಂದರೇ ಹೇಳ್ತೀರಿ ಅಂದ್ಕೊಂಡೆ. ಹಿಂದ ಕೂತಾಕಿ ನಾನು, ನನಗ ಹೇಳದ ಯಾರಿಗೆ ಹೇಳ್ತೀರಿ?"

ಘತ್ತರಗಿಗೆ ಹಿಂದಿರುಗಿ ಉಳಿದುಬಿಡೋಣ ಎಂದೆ. ತೀರ್ಮಾನ ನಿನ್ನದು ಎಂದೂ ಹೇಳಿದೆ. ಅವಳು ಜೇವರ್ಗಿಯ ದಾರಿಯ ಕಡೆ ಕೈ ತೋರಿಸಿದಳು. ಕೂಸಿನ ತೊಟ್ಟಿಲು ಬೆಳಿಗ್ಗೆಯೇ ಇತ್ತು. ಆಮೇಲೆ ಮೊಬೈಲಿನ ಟಾರ್ಚು ಹತ್ತಿಸಿ ಪ್ರಸಾದದ ಕೆಂಪು ಖಣವನ್ನು ಅದಕ್ಕೆ ಸುತ್ತಿದಳು. ಒಂದೇ ಪದರ ಸುತ್ತಿದಾಗ ಬೆಳಕು ಬೆಳ್ಳಗಿತ್ತು, ಮೂರಕ್ಕೆ ಮಂಕಾಯಿತು. ಎರಡು ಪದರಕ್ಕೆ ಸರಿಯಾದ ಕೆಂಪು ಬಂತು. ಜಡೆಯ ರಬ್ಬರು ಬಿಚ್ಚಿ ಬಿಗಿದಳು. ಬಲಗೈಯನ್ನು ನನ್ನ ಭುಜದ ಮೇಲಿಟ್ಟು ಎಡಗೈಯಲ್ಲಿ ದೀಪವನ್ನು ಹಿಂದಕ್ಕೆ ಚಾಚಿದಳು.

"ಬ್ರೇಕ್ ಹಿಡಿಯೂ ಮುಂಚೆ ಬಾಯಿ ಬಿಟ್ಟು ಹೇಳ್ರಿ. ನಾ ದೀಪ ಅಲ್ಲಾಡಸ್ತೇನಿ."

ಹಾಗೆ ಹೊರಟೆವು. ತಗ್ಗು ಕಂಡರೆ "ಬ್ರೇಕ್", ತಿರುವು ಬಂದರೆ "ಬ್ರೇಕ್", ನಾಯಿ ಅಡ್ಡ ಬಂದರೆ "ಬ್ರೇಕ್". ಹಿಂದೆ ದೀಪ ಅಲ್ಲಾಡುತ್ತಿತ್ತು, ರಸ್ತೆಯ ಅಂಚಿನ ಗಿಡಗಳಿಗೂ ಒಮ್ಮೊಮ್ಮೆ ಕೆಂಪು ತಾಗುತ್ತಿತ್ತು. ಹೆದ್ದಾರಿಗೆ ಬಂದಾಗ ಲಾರಿಗಳು ದೂರದಿಂದಲೇ ನಿಧಾನ ಮಾಡಿ ಬಳಸಿ ಹೋದವು. ಇಷ್ಟು ವರ್ಷ ಅವಳನ್ನು ಹಿಂದೆ ಕೂರಿಸಿಕೊಂಡು ತಿರುಗಿದ್ದೇನೆ, ನಿಲ್ಲುವ ಮೊದಲು ನಿಲ್ಲುತ್ತೇನೆಂದು ಅವಳಿಗೆ ಹೇಳಿದ್ದು ಅದೇ ಮೊದಲು. ಕೈ ನೋಯುತ್ತದೆಯೇ ಎಂದು ಕೇಳಿದರೆ, ಮುಂದೆ ನೋಡಿ ಎಂದಳು. ಜೇವರ್ಗಿಯ ಬೀದಿದೀಪ ಕಾಣುವವರೆಗೂ ಆ ಕೈ ಇಳಿಯಲಿಲ್ಲ.

ಮರುದಿನ ಕೂಸು ಕುಂಚಿಗೆ ತೊಟ್ಟು ತೊಟ್ಟಿಲಲ್ಲಿ ಮಲಗಿತು. ಹುಗ್ಗಿಯ ಊಟ ಮುಗಿಸಿ, ಪೇಟೆಯ ಎಲೆಕ್ಟ್ರಿಷಿಯನ್ ಬಳಿಗೆ ಇಬ್ಬರೂ ಹೋದೆವು. ಈ ಸಲ, ವೈರು ಹೊಸೆದವನು ನಾನೇ ಎಂದು ಮೊದಲೇ ಹೇಳಿದೆ. ಅವನು ಬ್ರೇಕಿಗೊಂದು, ಸದಾ ಹತ್ತುವ ದೀಪಕ್ಕೊಂದು ಬೇರೆ ವೈರು ಎಳೆದು, ಬೆಸುಗೆ ಹಾಕಿ, ರಬ್ಬರ್ ನಳಿಗೆ ತೊಡಿಸಿದ. ಎಲ್ಲ ಹತ್ತಿತು. ಶಾಂತಾ ಮಾತ್ರ ಒಪ್ಪಲಿಲ್ಲ, ಇಬ್ಬರೂ ಕೂತು ನೋಡೋಣ ಎಂದಳು. ಕೂತೆವು, ಫ್ಯೂಜು ಹಾರಿತು. ಸೀಟು ತಗ್ಗಿದಾಗ ಅದರ ಕೆಳಗಿನ ಕಬ್ಬಿಣ ವೈರನ್ನು ಒತ್ತಿ ಕೊರೆದು ಶಾರ್ಟ್ ಮಾಡುತ್ತಿತ್ತು. ಅಂಗಳದಲ್ಲಿ ಖಾಲಿ ಗಾಡಿಯ ಮುಂದೆ ಕೂತು ನಾನು ಬೀಗಿದ್ದು ಆಗ ನೆನಪಾಯಿತು. ಅವನು ನಗುತ್ತ ವೈರನ್ನು ಚಾಸಿಯ ಮಗ್ಗುಲಿಗೆ ಸರಿಸಿ ಕಟ್ಟಿ, ಬೇರೆ ಫ್ಯೂಜು ಹಾಕಿದ. ಮತ್ತೆ ಕೂತೆವು. ಈಗ ಹಾರಲಿಲ್ಲ.

ಹಿಂದಿರುಗುವಾಗ ಅಫಜಲಪುರದಲ್ಲಿ ಖಾಜಾನ ಗ್ಯಾರೇಜಿಗೆ ಹೋಗಿ, ಆ ಶಾಣ್ಯಾ ನಾನೇ ಎಂದು ಹೇಳಿ ಬಂದೆ. ಅವನಿಗೆ ಅದು ಮೊದಲೇ ಗೊತ್ತಿತ್ತಂತೆ. ಊರು ದಾಟಿ ಕಬ್ಬಿನ ಹೊಲಗಳ ನಡುವೆ ಬರುವಾಗ ಶಾಂತಾ ಭುಜ ತಟ್ಟಿದಳು. ಎಡಕ್ಕೆ, ಕಡಿದ ಹೊಲದಿಂದ ಬಿಳಿ ಹೊಗೆ ಏಳುತ್ತಿತ್ತು.

"ಇದು ನೋಡ್ರಿ, ರವದಿ ವಾಸ್ನಿ."

"ಬ್ರೇಕ್," ಎಂದೆ. ಗಾಡಿ ನಿಲ್ಲಿಸಿ, ಇಳಿದು, ಅವಳ ಎದುರಿಗೇ ಸೀಟು ಎತ್ತಿ ವೈರುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ. ಎಲ್ಲವೂ ತಣ್ಣಗಿದ್ದವು. ಅವಳೂ ಬಾಗಿ ಮುಟ್ಟಿ ನೋಡಿದಳು. ಆಮೇಲೆ ಹತ್ತಿ ಕೂತಳು.